ಒಳಗಿನ ಕಾಲಂನ ಹಸಿರು ಗುರುತು

ನಾನೇ ಬರೆದ ವಾಕ್ಯವೊಂದನ್ನು ನನ್ನ ಅಕ್ಕನ ಹೆಸರಿನ ಎದುರು ಓದಿದ್ದು ಕಳೆದ ವರ್ಷ, ಮಂಡ್ಯದ ನಮ್ಮ ಕಚೇರಿಯಲ್ಲಿ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ. 'ವಾಸದ ದಾಖಲೆಯ ಗ್ರಾಮ ಮತ್ತು ಬಾಲವಾಡಿಯ ಗ್ರಾಮ ಹೊಂದುತ್ತಿಲ್ಲ. ದಯವಿಟ್ಟು ಸರಿಪಡಿಸಿ.' ನಾನು ಬರೆದದ್ದು ಇಷ್ಟು. ತಿರಸ್ಕೃತ ಅರ್ಜಿಗಳ ಪಟ್ಟಿಯಲ್ಲಿ ಕೊನೆಯ ಎರಡು ಪದಗಳನ್ನು ಮಾತ್ರ ಕತ್ತರಿಸಿದ್ದರು. ಸರಿಪಡಿಸುವ ದಿನ ದಾಟಿತ್ತು.

ಆ ವಾಕ್ಯವನ್ನು ಪಟ್ಟಿಗಾಗಿ ಬರೆದಿರಲಿಲ್ಲ. ಅರ್ಜಿ ತುಂಬುವವರಿಗಾಗಿ ಬರೆದಿದ್ದೆ. ಅವರು ತಪ್ಪು ಮಾಡಿದ ಕ್ಷಣದಲ್ಲಿ, ಅದೇ ಕಾಲಂನ ಕೆಳಗೆ, ಕೆಂಪು ಅಕ್ಷರದಲ್ಲಿ ಕಾಣಿಸಬೇಕಾದ ಮಾತು ಅದು. ಕಾಣಿಸಬೇಕಾದ ಜಾಗದಲ್ಲಿ ಕಾಣಿಸದೆ, ಕಾಣಿಸಬಾರದ ಜಾಗದಲ್ಲಿ ಬಂದು ಕೂತಿತ್ತು. ಹೇಗೆ ಎಂಬುದನ್ನು ಕ್ರಮವಾಗಿ ಬರೆಯುತ್ತೇನೆ.

ನಾನು ಮೊದಲು ಮಂಡ್ಯದ ಒಂದು ಸಣ್ಣ ದಿನಪತ್ರಿಕೆಯಲ್ಲಿದ್ದೆ. ಕೆಲವು ವರ್ಷ ವರದಿ, ಆಮೇಲೆ ಡೆಸ್ಕಿನಲ್ಲಿ ತಿದ್ದುವ ಕೆಲಸ. ಅಲ್ಲಿ ಪುಟ ಕಟ್ಟುತ್ತಿದ್ದ ಬಸರಾಳು ಕಡೆಯ ಒಬ್ಬ ನನ್ನ ಓರಗೆಯವನು. ಹನ್ನೆರಡು ವರ್ಷ ಒಂದೇ ಮೇಜಿನ ಎರಡು ಬದಿಯಲ್ಲಿ ಕೂತಿದ್ದೆವು. ಡೆಸ್ಕಿನ ಹಿರಿಯರು ನಮಗೆ ಕಲಿಸಿದ ನಿಯಮಗಳಲ್ಲಿ ಒಂದು ಹೀಗಿತ್ತು: ತಲೆಬರಹದಲ್ಲಿ ಒಂದು ಪದ ತಿದ್ದಿದರೆ ಸುದ್ದಿಯನ್ನು ಕೊನೆಯವರೆಗೆ ಮತ್ತೆ ಓದಬೇಕು. ಒಮ್ಮೆ ಒಂದು ಸುದ್ದಿಯಲ್ಲಿ ಊರು ಮದ್ದೂರಲ್ಲ, ಮಳವಳ್ಳಿ ಎಂದು ಕೊನೆಗಳಿಗೆಯಲ್ಲಿ ಗೊತ್ತಾಯಿತು. ತಲೆಬರಹ ತಿದ್ದಿದೆವು. ಚಿತ್ರದ ಕೆಳಗಿನ ಸಾಲನ್ನು ಆಗಲೇ ಓದಿ ಸರಿ ಗುರುತು ಹಾಕಿದ್ದರಿಂದ ಮತ್ತೆ ನೋಡಲಿಲ್ಲ. ಮಾರನೆಯ ದಿನ ಒಂದೇ ಸುದ್ದಿ ಮೇಲೆ ಮಳವಳ್ಳಿಯಲ್ಲೂ ಕೆಳಗೆ ಮದ್ದೂರಿನಲ್ಲೂ ನಡೆದಿತ್ತು. ಹಿರಿಯರು ಬೈಯಲಿಲ್ಲ. ಪತ್ರಿಕೆಯನ್ನು ನಮ್ಮಿಬ್ಬರ ನಡುವೆ ಇಟ್ಟು, "ನಿನ್ನೆ ಸರಿ ಇದ್ದದ್ದು ಇವತ್ತೂ ಸರಿ ಇರ್ತದೆ ಅಂತ ಯಾರು ಯೋಳಿದ್ರು ನಿಮ್ಗೆ?" ಎಂದು ಕೇಳಿ ಚಹಾ ಕುಡಿಯಲು ಹೋದರು.

ಪತ್ರಿಕೆ ನಿಂತ ಮೇಲೆ ಅವನು ವೆಬ್‌ಸೈಟ್ ಕಟ್ಟುವುದನ್ನು ಕಲಿತ. ಗೊಬ್ಬರದ ಅಂಗಡಿಯ ಮೇಲೆ ಒಂದು ಕೋಣೆ ಬಾಡಿಗೆಗೆ ಹಿಡಿದು ನನ್ನನ್ನು ಕರೆದ. "ನಾನು ಕಟ್ತೀನಿ, ನೀನು ಓದು" ಎಂದ. ಹಳೆಯ ಏರ್ಪಾಡೇ. ಆನ್‌ಲೈನ್ ಅರ್ಜಿಗಳಿಗೆ ಕನ್ನಡದ ಮಾತು ಬರೆಯುವುದು, ತಪ್ಪು ತೋರಿಸುವ ವಾಕ್ಯ ಬರೆಯುವುದು, ಕಟ್ಟಿದ ಅರ್ಜಿಯನ್ನು ತುಂಬಿ ನೋಡಿ ಎಲ್ಲಿ ಕೆಡುತ್ತದೆ ಎಂದು ಹುಡುಕುವುದು ನನ್ನ ಪಾಲು. ಪರೀಕ್ಷಿಸಿದ್ದನ್ನೆಲ್ಲ ಒಂದು ಉದ್ದನೆಯ ರೂಲು ಪುಸ್ತಕದಲ್ಲಿ ಬರೆಯುತ್ತಿದ್ದೆ. ಏನು ಮಾಡಿದೆ, ಏನಾಯಿತು, ತಾರೀಕು. ಪ್ರತಿ ಸಾಲಿನ ಕೊನೆಗೆ ಅವನ ಸಣ್ಣ ಸಹಿ. ಅದನ್ನು ಅವನು 'ಪಟೇಲರ ಬುಕ್ಕು' ಎಂದು ಆಡಿಕೊಳ್ಳುತ್ತಿದ್ದ, ಸಹಿಯನ್ನೂ ಹಾಕುತ್ತಿದ್ದ.

ಕಳೆದ ವರ್ಷ ಒಂದು ಟ್ರಸ್ಟಿನ ಕೆಲಸ ಬಂತು. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಕೆಲವು ಹಳ್ಳಿಗಳಲ್ಲಿ ಅವರು ಬಾಲವಾಡಿ ನಡೆಸುತ್ತಾರೆ. ಶಿಕ್ಷಕಿಯರ ಜಾಗ ಖಾಲಿ ಇದ್ದ ಊರುಗಳಿಗೆ ಅರ್ಜಿ ಕರೆಯುವವರಿದ್ದರು. ಒಂದೇ ಬಿಗಿಯಾದ ಷರತ್ತು: ಬಾಲವಾಡಿ ಯಾವ ಊರಿನದೋ ಶಿಕ್ಷಕಿಯೂ ಆ ಊರಿನಲ್ಲೇ ವಾಸ ಇರಬೇಕು, ಅದಕ್ಕೆ ದಾಖಲೆ ಕೊಡಬೇಕು.

ಅರ್ಜಿ ಉದ್ದವಾಗಿತ್ತು. ಎಲ್ಲಕ್ಕಿಂತ ಮೇಲೆ ಬಾಲವಾಡಿಯ ಊರು. ಅದರ ಕೆಳಗೆ ಕುಟುಂಬ ಎಂಬ ಪೆಟ್ಟಿಗೆ. ಆ ಪೆಟ್ಟಿಗೆ ತೆರೆದರೆ ಒಳಗೆ ವಾಸ ಎಂಬ ಇನ್ನೊಂದು ಪೆಟ್ಟಿಗೆ. ಅದರೊಳಗೆ ದಾಖಲೆಯ ಬಗೆ, ದಾಖಲೆಯ ಗ್ರಾಮ, ಸಂಖ್ಯೆ. ಇಂಥ ಅರ್ಜಿಗಳ ಸ್ವಭಾವವೊಂದನ್ನು ಇಲ್ಲಿ ಹೇಳಲೇಬೇಕು. ಪ್ರತಿ ಕಾಲಂ ತನ್ನನ್ನು ಯಾರಾದರೂ ಮುಟ್ಟಿದಾಗ ಮಾತ್ರ ತನ್ನ ತಪ್ಪುಒಪ್ಪು ನೋಡಿಕೊಳ್ಳುತ್ತದೆ. ಸರಿ ಎನಿಸಿದರೆ ಪಕ್ಕದಲ್ಲಿ ಹಸಿರು ಗುರುತು. ಆ ಉತ್ತರವನ್ನು ನೆನಪಿಟ್ಟುಕೊಂಡು ಸುಮ್ಮನಿರುತ್ತದೆ. ಆಮೇಲೆ ಯಾರೋ ಮೇಲಕ್ಕೆ ಹೋಗಿ ಬಾಲವಾಡಿಯ ಊರನ್ನು ಬದಲಿಸಿದರೆ, ಎರಡು ಪೆಟ್ಟಿಗೆ ಒಳಗೆ ಕೂತ ಕಾಲಂಗೆ ಸುದ್ದಿ ತಲುಪುವುದಿಲ್ಲ. ಹಳೆಯ ಊರಿಗೆ ಕೊಟ್ಟ ಹಸಿರು ಗುರುತನ್ನು ಹೊಸ ಊರಿಗೂ ತೋರಿಸುತ್ತದೆ. ಆದ್ದರಿಂದ ಕೊನೆಗೆ 'ಸಲ್ಲಿಸು' ಒತ್ತಿದಾಗ ಮೇಲಿನಿಂದ ಹಿಡಿದು ಒಳಗಿನ ಒಳಗಿನ ಕಾಲಂವರೆಗೆ ಹೋಗಿ ಪ್ರತಿಯೊಂದನ್ನೂ 'ಈಗಲೂ ಸರಿ ಇದ್ದೀಯಾ?' ಎಂದು ಮತ್ತೆ ಕೇಳುವ ಏರ್ಪಾಡು ಇರಬೇಕು. ಅದನ್ನು ನಾವು ಮರುತಪಾಸಣೆ ಎನ್ನುತ್ತಿದ್ದೆವು.

ಮರುತಪಾಸಣೆಯನ್ನು ಅವನೇ ಬರೆದ. ಚೆನ್ನಾಗಿ ಬರೆದ. ನಾನು ಪರೀಕ್ಷಿಸಿದ ಸಾಲು ಪುಸ್ತಕದಲ್ಲಿ ಈಗಲೂ ಇದೆ: 'ಎಲ್ಲ ತುಂಬಿದ ಮೇಲೆ ಮೇಲಿನ ಊರು ಬದಲಿಸಿದೆ. ಸಲ್ಲಿಸು ಒತ್ತಿದೆ. ಒಳಗಿನ ದಾಖಲೆಯ ಗ್ರಾಮ ಕೆಂಪಾಯಿತು. ವಾಕ್ಯ ಬಂತು. ಸರಿ.' ಪಕ್ಕದಲ್ಲಿ ಅವನ ಸಹಿ.

ಜನರಿಗೆ ಬಿಡುವ ಮುಂಚೆ ಮದ್ದೂರಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಒಂದು ದಿನ ಪ್ರಯೋಗ ಮಾಡಿದೆವು. ಇಂಥ ಅರ್ಜಿಗಳನ್ನು ಮನೆಯಲ್ಲಿ ಕೂತು ಯಾರೂ ತುಂಬುವುದಿಲ್ಲ. ಅಂಗಡಿಗೆ ಬರುತ್ತಾರೆ, ಪ್ಲಾಸ್ಟಿಕ್ ಕವರಿನಿಂದ ಕಾಗದ ತೆಗೆದು ಮೇಜಿನ ಮೇಲೆ ಇಡುತ್ತಾರೆ, ಅಂಗಡಿಯವರು ತುಂಬುತ್ತಾರೆ. ಅಂಗಡಿಯವರ ಕೈಗೆ ಒಂದು ಪದ್ಧತಿ ಕೂತಿದೆ. ಏನೇ ಅರ್ಜಿಯಿರಲಿ, ಮೊದಲು ರೇಷನ್ ಕಾರ್ಡು ಕೇಳುತ್ತಾರೆ. ಹೆಸರು, ಊರು, ಮನೆಮಂದಿ ಎಲ್ಲವನ್ನೂ ಅದರಿಂದ ಸರಸರನೆ ಇಳಿಸಿಬಿಡುತ್ತಾರೆ. ಆಮೇಲೆ, "ಏನಾದ್ರೂ ಬದ್ಲಾವಣೆ ಐತಾ?" ಎಂದು ಕೇಳುತ್ತಾರೆ. ತುಂಬುವುದು ಮೊದಲು, ಕೇಳುವುದು ಆಮೇಲೆ. ಸರತಿಯಲ್ಲಿ ಜನ ನಿಂತಿರುವಾಗ ಅದೇ ಬೇಗ ಆಗುವ ದಾರಿ.

ಹಾಗೆ ತುಂಬಿದ ಅರ್ಜಿಯಲ್ಲಿ ಕೊನೆಗೆ ಊರು ಬದಲಿಸಿದರೆ ನಮ್ಮ ಮರುತಪಾಸಣೆ ಎದ್ದು ಕೆಂಪು ಬಳಿಯುತ್ತಿತ್ತು. ಮದ್ದೂರಿನ ಅಂಗಡಿಯವನಿಗೆ ಅದು ಹಿಡಿಸಲಿಲ್ಲ.

"ಏನ್ ಸಾ ಇದು? ಅಸ್ರು ಅಸ್ರು ಅಂತ ಆಸೆ ತೋರ್ಸಿ, ಕೊನೇಲಿ ಮಕಕ್ಕೆ ಕೆಂಪು ಬಳಿತದಲ್ಲ ನಿಮ್ ಅರ್ಜಿ! ಅತ್ತೆ ಮನೇಲಿ ಉಂಡಂಗಾಯ್ತು, ಎಲೆ ಎತ್ತೋವಾಗ ಬೈಸ್ಕೊಳದು."

ಸರತಿಯಲ್ಲಿದ್ದವರು ನಕ್ಕರು. ನಾನು, "ತಪ್ಪಿದ್ರೆ ತಾನೆ ಕೆಂಪು ಬರೋದು" ಎಂದೆ.

"ತಪ್ಪು ನಮ್ದೇ ಇರ್ಲಿ ಸಾ. ಆದ್ರೆ ಜನ ನಿಮ್ ಮಕ ನೋಡಲ್ಲ, ನನ್ ಮಕ ನೋಡ್ತಾರೆ. ಇವ್ನಿಗೆ ತುಂಬಕ್ಕೆ ಬರಲ್ಲ ಅಂತ ಎದುರಂಗಡಿಗೆ ಓಯ್ತಾರೆ."

ಗೆಳೆಯ ಅಂಗಡಿಯವನ ಹೆಗಲ ಮೇಲೆ ಕೈಯಿಟ್ಟು, "ನೋಡನ ಬುಡಣ್ಣ" ಎಂದ. ವಾಪಸ್ಸು ಬಸ್ಸಿನಲ್ಲಿ ಅವನು ಕಿಟಕಿಯ ಕಡೆ ಕೂತಿದ್ದ. ಕೆಂಪನ್ನು ತೆಗೆಯುವಂತಿಲ್ಲ ಎಂದು ನಾನು ಹೇಳಿದೆ. ಹೂಂ ಎಂದ. ನನ್ನ ನೆನಪಿನಲ್ಲಿ ಆ ಹೂಂ ಸ್ಪಷ್ಟವಾಗಿದೆ. ಎರಡು ದಿನದ ನಂತರ, "ಬಣ್ಣ ಒಸಿ ತಿಳಿ ಮಾಡಿದ್ದೀನಿ, ಅಷ್ಟೆ" ಎಂದ. ಬಣ್ಣ ನೋಡಿದೆ, ತಿಳಿಯಾಗಿತ್ತು. ಮಿಕ್ಕದ್ದನ್ನು ಮತ್ತೆ ಪರೀಕ್ಷಿಸಲಿಲ್ಲ. ಪುಸ್ತಕದಲ್ಲಿ ಸಾಲು ಇತ್ತು, ಸಹಿ ಇತ್ತು.

ಅರ್ಜಿ ಜನರಿಗೆ ತೆರೆಯಿತು.

ಅಕ್ಕನ ವಿಷಯ ಇಲ್ಲಿಂದ. ನಮ್ಮೂರು ಕೆರಗೋಡು. ಅಕ್ಕನನ್ನು ಕೊಟ್ಟಿದ್ದು ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಗೆ. ಪಿಯುಸಿ ಓದಿದ್ದಾಳೆ. ಪೂರಿಗಾಲಿಯ ಬಾಲವಾಡಿಯಲ್ಲಿ ಒಂಬತ್ತು ವರ್ಷದಿಂದ ಸಹಾಯಕಿ. ಉಪ್ಪಿಟ್ಟು ಮಾಡುವವಳು, ಮೂಗು ಒರೆಸುವವಳು, ಅಳುವ ಮಕ್ಕಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಅಕ್ಷರ ತಿದ್ದಿಸುವವಳು ಅವಳೇ. ಹಾಜರಿ ಪುಸ್ತಕದಲ್ಲಿ ಶಿಕ್ಷಕಿ ಬೇರೆಯವರು. ಮಕ್ಕಳು ಶಿಕ್ಷಕಿಯನ್ನು ಮಿಸ್ ಎಂದೂ ಅಕ್ಕನನ್ನು ಮಿಸ್ಸಕ್ಕ ಎಂದೂ ಕರೆಯುತ್ತಿದ್ದವು. ಆ ಶಿಕ್ಷಕಿ ಬಿಟ್ಟುಹೋಗಿ ಜಾಗ ಖಾಲಿಯಾದಾಗ ಅಕ್ಕ ನನಗೆ ಫೋನ್ ಮಾಡಿ, "ಈ ಸಲ ಬರೀ ಮಿಸ್ ಆಗ್ಬುಡ್ತೀನಿ ಕಣ್ಲಾ" ಎಂದು ನಕ್ಕಿದ್ದಳು. ಅರ್ಜಿ ನಾವೇ ಕಟ್ಟಿದ್ದು ಎಂದು ತಿಳಿದು ಅವಳ ಧೈರ್ಯ ಇನ್ನಷ್ಟು ಹೆಚ್ಚಿತ್ತು. ಗೆಳೆಯನೂ ಅವಳಿಗೆ ಹೊಸಬನಲ್ಲ. ಪಿತೃಪಕ್ಷದ ಬಾಡೂಟಕ್ಕೆ ಪ್ರತಿ ವರ್ಷ ನನ್ನ ಜೊತೆ ಪೂರಿಗಾಲಿಗೆ ಬರುತ್ತಿದ್ದ. ಅವಳ ಮುದ್ದೆಯನ್ನು ಹೊಗಳಿ ಎರಡನೆಯದನ್ನು ಕೇಳಿ ಹಾಕಿಸಿಕೊಳ್ಳುತ್ತಿದ್ದ. ಅಕ್ಕ ಎಂದೇ ಕರೆಯುತ್ತಿದ್ದ.

ಅಕ್ಕನ ರೇಷನ್ ಕಾರ್ಡಿನ ವಿಷಯದಲ್ಲಿ ಒಂದು ಮಾತಿದೆ. ಅವಳ ಹೆಸರು ಈಗಲೂ ತವರಿನ ಕಾರ್ಡಿನಲ್ಲೇ ಇದೆ. ನಮ್ಮ ಕಡೆ ಇದು ಹೊಸದಲ್ಲ. ಮಗಳ ಹೆಸರನ್ನು ತೆಗೆಸಲು ಹೊರಟರೆ ತಾಯಂದಿರು ಅಡ್ಡ ನಿಲ್ಲುತ್ತಾರೆ. ನಮ್ಮವ್ವನೂ, "ಮನೆಯಿಂದ ಕಳ್ಸಿದ್ದು ಸಾಲ್ದಾ, ಕಾರ್ಡಿಂದ್ಲೂ ಕಳಿಸ್ಬೇಕಾ?" ಎಂದಿದ್ದಳು. ಅದು ತೊಡಕಾಗುತ್ತದೆ ಎಂದು ಅಕ್ಕನಿಗೆ ಗೊತ್ತಿತ್ತು. ಅದಕ್ಕೇ ನಾಡಕಚೇರಿಗೆ ನಾಲ್ಕು ಸಲ ಅಲೆದು ಪೂರಿಗಾಲಿಯ ವಾಸಸ್ಥಳ ದೃಢೀಕರಣ ಪತ್ರ ಮಾಡಿಸಿಕೊಂಡಿದ್ದಳು. ಅರ್ಜಿ ಹಾಕಲು ಮಳವಳ್ಳಿಗೆ ಹೋದ ದಿನ ಆ ಪತ್ರ ಅವಳ ಚೀಲದಲ್ಲಿತ್ತು.

ಅಂದು ಮಳವಳ್ಳಿಯ ಅಂಗಡಿಯಲ್ಲಿ ನಡೆದದ್ದನ್ನು ಆಮೇಲೆ ಅಕ್ಕನಿಂದಲೂ ಅಂಗಡಿಯ ಹೆಂಗಸಿನಿಂದಲೂ ಬೇರೆ ಬೇರೆಯಾಗಿ ಕೇಳಿ ಬರೆದುಕೊಂಡಿದ್ದೇನೆ. ಇಬ್ಬರು ಹೇಳಿದ್ದೂ ಹೊಂದುತ್ತದೆ.

ಅಂಗಡಿಯಾಕೆ ರೇಷನ್ ಕಾರ್ಡು ಕೇಳಿದಳು. ಅಕ್ಕ ಕೊಟ್ಟಳು. ಆಕೆ ಕಾರ್ಡು ನೋಡಿ ಬಾಲವಾಡಿಯ ಊರು ಕೆರಗೋಡು ಎಂದು ಹಾಕಿದಳು. ಕೆರಗೋಡಿನಲ್ಲೂ ಒಂದು ಜಾಗ ಖಾಲಿ ಇತ್ತು. ಒಳಗಿನ ಪೆಟ್ಟಿಗೆಯಲ್ಲಿ ದಾಖಲೆ ರೇಷನ್ ಕಾರ್ಡು, ದಾಖಲೆಯ ಗ್ರಾಮ ಕೆರಗೋಡು. ಹಸಿರು. ಪೆಟ್ಟಿಗೆ ಮುಚ್ಚಿಕೊಂಡಿತು. ಅದರ ಮೇಲೂ ಹಸಿರು. ಎಲ್ಲ ಆದ ಮೇಲೆ ಅಕ್ಕನಿಗೆ ಓದಿ ಹೇಳಿದಳು.

"ಕೆರಗೋಡಾ? ಅದು ನಮ್ಮವ್ವನ ಮನೆ ಕಣಮ್ಮ. ನಾನಿರೋದು ಪೂರಿಗಾಲಿ, ಕೇಳ್ತಿರೋದೂ ಪೂರಿಗಾಲಿ."

"ಮದ್ಲೇ ಯೋಳ್ಬಾರ್ದೇನಕ್ಕ?"

"ನೀನು ಮದ್ಲು ಕೇಳ್ದಾ?"

ಆಕೆ ಮೇಲಕ್ಕೆ ಹೋಗಿ ಊರನ್ನು ಪೂರಿಗಾಲಿ ಮಾಡಿದಳು. ಕೆಳಗೆ ಎಲ್ಲವೂ ಹಸಿರಾಗೇ ಇತ್ತು. ಅಕ್ಕ ಚೀಲದಿಂದ ದೃಢೀಕರಣ ಪತ್ರ ತೆಗೆದು, ಇದನ್ನು ಹಾಕಬೇಡವೇ ಎಂದು ಕೇಳಿದಳು. ಆಕೆ ಪರದೆಯನ್ನು ಅಕ್ಕನ ಕಡೆ ತಿರುಗಿಸಿ, "ನೋಡಕ್ಕ, ಎಲ್ಲಾ ಅಸ್ರೇ. ಬೇಕಂದಿದ್ರೆ ಅದೇ ಕೇಳದು" ಎಂದಳು. ಅಕ್ಕನಿಗೆ ಸಮಾಧಾನವಾಗಲಿಲ್ಲ. ಅಲ್ಲಿಂದಲೇ ನನಗೆ ಫೋನ್ ಮಾಡಿದಳು.

ಆ ಕರೆ ನನಗೆ ನೆನಪಿದೆ. ನಾನು ಇನ್ಯಾವುದೋ ಅರ್ಜಿಯ ವಾಕ್ಯ ತಿದ್ದುತ್ತಿದ್ದೆ.

"ಲೋ, ಕಾರ್ಡಿನ ನಂಬರ್ ಹಾಕವ್ಳೆ. ನಂತಾವ ಪೂರಿಗಾಲಿ ಸರ್ಟಿಫಿಕೇಟ್ ಐತೆ. ಅದನ್ನೂ ಆಕ್ಸ್‌ಬೇಕೇನ್ಲಾ?"

"ಎಲ್ಲಾ ಹಸಿರು ಬಂದೈತಾ?"

"ಬಂದೈತೆ ಕಣ್ಲಾ. ಆದ್ರೂ ನಂಗ್ಯಾಕೋ…"

"ಹಸಿರು ಬಂದಿದ್ರೆ ಬೇಡ ಬುಡಕ್ಕ. ತಪ್ಪಿದ್ರೆ ಸಲ್ಲಿಸೋವಾಗ ಕೆಂಪು ಬತ್ತದೆ. ಅದು ಬಿಡಲ್ಲ. ನಾನೇ ನೋಡಿದ್ದೀನಿ."

"ನೀನು ನೋಡಿದ್ಮೇಲೆ ಸರಿ ಬುಡು."

ಪಕ್ಕದ ಮೇಜಿನಲ್ಲಿ ಗೆಳೆಯ ಕೂತಿದ್ದ. ಆ ಮಾತು ಅವನ ಕಿವಿಗೆ ಬಿದ್ದಿರಲೇಬೇಕು. ಮೂರು ಅಡಿ ದೂರ. ಯಾರು ಎಂದು ಕೂಡ ಕೇಳಲಿಲ್ಲ. ಅಕ್ಕ ಪತ್ರವನ್ನು ಚೀಲಕ್ಕೆ ಹಾಕಿಕೊಂಡಳು. ಅಂಗಡಿಯಾಕೆ 'ಸಲ್ಲಿಸು' ಒತ್ತಿದಳು. ಕೆಂಪು ಬರಲಿಲ್ಲ. ಅರ್ಜಿ ಹೋಯಿತು.

ಟ್ರಸ್ಟಿನವರು ಅರ್ಜಿಗಳಲ್ಲಿ ಎರಡು ಊರನ್ನೂ ಹೋಲಿಸಿ, ಹೊಂದದವುಗಳಿಗೆ ಅರ್ಜಿಯಲ್ಲಿದ್ದ ನನ್ನ ವಾಕ್ಯವನ್ನೇ ಕಾರಣವಾಗಿ ಹಾಕಿ ತಿರಸ್ಕರಿಸಿದ್ದರು. ಪಟ್ಟಿ ಬಂದ ಬೆಳಿಗ್ಗೆ ನಾನು ಮಾಡಿದ ಮೊದಲ ಕೆಲಸ ಪರೀಕ್ಷೆ. ಒಂದು ಹುಸಿ ಅರ್ಜಿ ತೆರೆದೆ. ಕೆರಗೋಡು ಎಂದು ಎಲ್ಲ ತುಂಬಿದೆ. ಮೇಲೆ ಪೂರಿಗಾಲಿ ಮಾಡಿದೆ. ಸಲ್ಲಿಸು ಒತ್ತಿದೆ. ಅರ್ಜಿ ಸಲ್ಲಿಕೆಯಾಗಿದೆ, ಧನ್ಯವಾದ, ಎಂದಿತು. ಆ ಧನ್ಯವಾದವೂ ನನ್ನದೇ ಬರಹ. ಇನ್ನೊಮ್ಮೆ ಮಾಡಿದೆ. ಅದೇ ಉತ್ತರ. ಪುಸ್ತಕ ತೆರೆದು ಹಳೆಯ ಸಾಲನ್ನು ಓದಿದೆ. ಕೆಂಪಾಯಿತು, ಸರಿ, ಸಹಿ.

ಗೆಳೆಯ ಬೆನ್ನು ತಿರುಗಿಸಿ ಕೆಲಸ ಮಾಡುತ್ತಿದ್ದ.

"ಮರುತಪಾಸಣೆ ತೆಗ್ದಿದ್ದೀಯಾ?" ಎಂದು ಕೇಳಿದೆ.

"ತೆಗ್ದಿಲ್ಲ." ತಿರುಗದೆಯೇ ಹೇಳಿದ. "ಹೊರಗಿನ ಪೆಟ್ಟಿಗೆಗಂಟ ಓಯ್ತದೆ. ಒಳಕ್ಕೆ ಓಗಲ್ಲ."

"ಒಳಕ್ಕೆ ಹೋಗ್ದಿದ್ರೆ ಪೆಟ್ಟಿಗೆ ಏನು ಯೋಳ್ತದೆ?"

"ಹಿಂದೆ ಏನ್ ಯೋಳಿತ್ತೋ ಅದೇ."

"ಯಾವಾಗ ಮಾಡ್ದೆ?"

"ಮದ್ದೂರಿಂದ ಬಂದ್ ಮಾರ್ನೇ ದಿನ. ಆ ಅಂಗ್ಡಿಯವ್ನು ಅಂದದ್ದು ನೀನೂ ಕೇಳ್ದೆ. ಅಂಗ್ಡಿಯವ್ರು ಬೈಕಂಡ್ರೆ ಟ್ರಸ್ಟ್‌ನವ್ರು ಇನ್ನೊಂದ್ ಸಲ ನಮ್ಮನ್ನ ಕರೀತಾರಾ?"

"ನಂಗ್ಯಾಕೆ ಯೋಳ್ಲಿಲ್ಲ?"

ಈಗ ಸ್ವಲ್ಪ ತಿರುಗಿದ. "ಯೋಳಿದ್ರೆ ನೀನು ಒಪ್ತಿದ್ದಾ? ಪಟೇಲರ ಬುಕ್ಕು ತೆಗ್ದು ಕೂತ್ಕತಿದ್ದೆ. ಅಷ್ಟಕ್ಕೂ ನೂರಕ್ಕೆ ಒಬ್ರು ಊರು ಬದಲಾಯ್ಸದು. ಏನ್ ಆಗೋಯ್ತು ಈಗ?"

"ಅಕ್ಕನ ಅರ್ಜಿ ಹೋಯ್ತು."

"ಯಾವಕ್ಕ?"

"ಒಬ್ಳೇ ಅಲ್ವೇನ್ಲಾ ನಮಗಿರೋದು."

ಅವನು ಕುರ್ಚಿಯನ್ನು ಪೂರ್ತಿ ತಿರುಗಿಸಿದ. ಮುಖ ಬಿಳಿಚಿಕೊಂಡಿತ್ತು. ಅದು ನಟನೆಯಲ್ಲ ಎಂಬುದನ್ನೂ ದಾಖಲಿಸಬೇಕು. ಅವನು ಕೇಡು ಬಯಸಿ ಮಾಡಿದ ಕೆಲಸವಾಗಿದ್ದರೆ ನನಗೆ ಇಷ್ಟು ಬರೆಯುವ ಕಷ್ಟವಿರಲಿಲ್ಲ. ಒಬ್ಬ ಅಂಗಡಿಯವನ ಗೊಣಗಾಟದಿಂದ ತಪ್ಪಿಸಿಕೊಳ್ಳಲು, ನನ್ನ ಜೊತೆಗಿನ ಅರ್ಧ ಗಂಟೆಯ ವಾದದಿಂದ ತಪ್ಪಿಸಿಕೊಳ್ಳಲು, ಪ್ರೋಗ್ರಾಮಿನ ಒಂದೇ ಒಂದು ಸಾಲು ಬದಲಿಸಿ, ಬಣ್ಣ ತಿಳಿ ಮಾಡಿದ್ದೀನಿ ಎಂದಿದ್ದ. ಹನ್ನೆರಡು ವರ್ಷ ಪತ್ರಿಕೆ, ಐದು ವರ್ಷ ಈ ಕೋಣೆ. ಅಷ್ಟರ ಬೆಲೆ ಅರ್ಧ ಗಂಟೆಯ ವಾದಕ್ಕಿಂತ ಕಡಿಮೆ ಎಂದು ನನಗೆ ಅವತ್ತು ಗೊತ್ತಾಯಿತು.

"ತಡಿ, ಈಗ್ಲೇ ಸರಿ ಮಾಡ್ಬುಡ್ತೀನಿ" ಎಂದ. "ಅಕ್ಕನ ಸರ್ಟಿಫಿಕೇಟ್ ಫೋಟೋ ತರ್ಸ್ಕೊ. ಒಳಗಿಂದ ಆಕ್ಬುಡ್ತೀನಿ. ತಾರೀಕು ಹಳೇದೇ ಇರ್ತದೆ. ಟ್ರಸ್ಟ್‌ನವ್ರಿಗೆ ಇನ್ನೊಂದ್ ಸಲ ತೆಗ್ದು ನೋಡಿ ಅಂತ ಫೋನ್ ಮಾಡು ಸಾಕು."

ಅವನ ಕೈಯಲ್ಲಿ ಅದು ಹತ್ತು ನಿಮಿಷದ ಕೆಲಸ. ಅಕ್ಕ ಪೂರಿಗಾಲಿಯಲ್ಲಿ ಇರುವುದು ನಿಜ, ಪತ್ರ ನಿಜ. ಸುಳ್ಳಾಗುವುದು ತಾರೀಕು ಒಂದೇ. ನಾನು ಫೋನ್ ತೆಗೆದು ಅಕ್ಕನ ಹೆಸರಿನವರೆಗೆ ಹೋಗಿದ್ದೆ. ಪಟ್ಟಿ ಇನ್ನೂ ಪರದೆಯ ಮೇಲಿತ್ತು. ಅದೇ ವಾಕ್ಯ ಇನ್ನೂ ಐದು ಹೆಂಗಸರ ಹೆಸರಿನ ಎದುರಿಗಿತ್ತು. ಮದ್ದೂರು ಕಡೆಯವರು ಮೂವರು, ಮಂಡ್ಯ ಕಡೆಯವರು ಇಬ್ಬರು. ಅವರ ಚೀಲಗಳಲ್ಲೂ ಒಂದೊಂದು ಪತ್ರ ಇದ್ದಿರಬಹುದು. ಅವರಿಗೆ ಫೋನ್ ಮಾಡಿ ಕೇಳಲು ತಮ್ಮ ಇರಲಿಲ್ಲ.

"ಆರೂ ಜನದ್ದು ಬರೆದು ಟ್ರಸ್ಟಿಗೆ ಕೊಡನ. ತಪ್ಪು ನಮ್ದು ಅಂತ" ಎಂದೆ.

"ನಿನ್ ಅಕ್ಕನ್ನ ಉಳಿಸ್ಕೊಳೋ ಅಂದ್ರೆ ಊರ್ ಅಕ್ಕಂದ್ರನ್ನೆಲ್ಲ ಎಣಿಸ್ತೀಯಲ್ಲೋ! ಬರೆದ್ರೆ ನಮ್ ಬಾಗ್ಲು ಮುಚ್ದಂಗೆ. ಅಕ್ಕಂಗೂ ಸಿಗಲ್ಲ, ನಮ್ಗೂ ಇಲ್ಲ."

ಬರೆದೆ. ಎರಡು ಪುಟ. ಯಾವ ದಿನ ಪರೀಕ್ಷೆ ಸರಿ ಇತ್ತು, ಯಾವ ದಿನದ ನಂತರ ಇರಲಿಲ್ಲ, ಯಾರು ಯಾರ ಅರ್ಜಿಗೆ ಅದು ತಟ್ಟಿರಬಹುದು, ಬದಲಾವಣೆಯ ನಂತರ ಮರುಪರೀಕ್ಷೆ ಮಾಡದಿದ್ದದ್ದು ನನ್ನ ಲೋಪ, ಆರು ಅರ್ಜಿದಾರರಲ್ಲಿ ಒಬ್ಬಳು ನನ್ನ ಸ್ವಂತ ಅಕ್ಕ, ಇಷ್ಟನ್ನೂ ಬರೆದೆ. ಪ್ರೋಗ್ರಾಮನ್ನು ಬದಲಿಸಿದವನು ಅವನು ಎಂದೂ ಬರೆದೆ. ಸಹಿಗೆ ಕೊಟ್ಟೆ. ಓದಿದ. ಮಡಿಸಿ ವಾಪಸ್ಸು ಕೊಟ್ಟ. ಪುಸ್ತಕದ ಪ್ರತಿ ಸಾಲಿಗೂ ಸಹಿ ಹಾಕಿದ ಕೈ ಆ ಎರಡು ಪುಟಕ್ಕೆ ಹಾಕಲಿಲ್ಲ. ನಾನೊಬ್ಬನೇ ಸಹಿ ಮಾಡಿ ಟ್ರಸ್ಟಿನ ಕಚೇರಿಗೆ ಕೊಟ್ಟು ಬಂದೆ.

ಅಂದು ಸಂಜೆಯೊಳಗೆ ಅವನು ಅರ್ಜಿಯನ್ನು ಸರಿಪಡಿಸಿದ್ದ. 'ಒಳಗಂಟ ಹೋಗುತ್ತೆ ಈಗ. ಟೆಸ್ಟ್ ಮಾಡು' ಎಂದು ಸಂದೇಶ ಕಳಿಸಿದ. ಮಾಡಿದೆ. ಮೂರು ಸಲ ಮಾಡಿದೆ. ನನ್ನ ವಾಕ್ಯ ಬರಬೇಕಾದ ಜಾಗದಲ್ಲಿ ಬಂತು.

ಟ್ರಸ್ಟಿನ ಉತ್ತರ ವಾರದ ನಂತರ ಬಂತು. ನೇಮಕದ ಆದೇಶ ಇನ್ನೂ ಕೈಸೇರದ ಊರುಗಳಲ್ಲಿ ಅರ್ಜಿಯನ್ನು ಮತ್ತೆ ನೋಡುತ್ತೇವೆ, ಆದೇಶ ಕೊಟ್ಟಾಗಿರುವ ಕಡೆ ಬದಲಿಸಲಾಗದು. ಹಾಗೆ ನಾಲ್ವರ ಅರ್ಜಿ ಮತ್ತೆ ತೆರೆಯಿತು. ಇಬ್ಬರದು ತೆರೆಯಲಿಲ್ಲ. ಪೂರಿಗಾಲಿ ಆ ಎರಡರಲ್ಲಿ ಒಂದು. ಪಟ್ಟಿ ಬಂದ ಮರುದಿನವೇ ಅಲ್ಲಿಯ ಆದೇಶ ಹೋಗಿತ್ತು. ಅಕ್ಕನ ಹಿಂದಿನ ಬೀದಿಗೆ ಹೊಸದಾಗಿ ಬಂದ ಸೊಸೆಯೊಬ್ಬಳಿಗೆ. ಅವಳ ಕಾಗದಗಳು ಸರಿಯಾಗಿದ್ದವು. ಅವಳದೇನೂ ತಪ್ಪಿಲ್ಲ.

ಭಾನುವಾರ ಮಳವಳ್ಳಿಯ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಹಿಡಿದು ಪೂರಿಗಾಲಿಗೆ ಹೋದೆ. ಪುಸ್ತಕ ಚೀಲದಲ್ಲಿತ್ತು. ಅವಳಿಗೆ ತೋರಿಸಬೇಕು, ಸಹಿ ಇರುವ ಸಾಲನ್ನು ಅವಳೇ ನೋಡಬೇಕು ಎಂದುಕೊಂಡಿದ್ದೆ. ಅಕ್ಕ ಹಿತ್ತಲಿನಲ್ಲಿ ಪಾತ್ರೆ ಉಜ್ಜುತ್ತಿದ್ದಳು. ಬಾ ಎನ್ನಲಿಲ್ಲ. ಎದ್ದು ಬಂದು ಕಾಫಿ ಇಟ್ಟಳು.

"ಆ ನಿನ್ ದೋಸ್ತ ಫೋನ್ ಮಾಡಿದ್ದ" ಎಂದಳು.

"ಏನಂದ?"

"ಅತ್ತ ಪಾಪ. ಕಟ್ಟಿದ್ದು ನಾನು ಕಣಕ್ಕ, ತಪಾಸ್ಣೆ ಮಾಡದು ಅವ್ನ್ ಕೆಲ್ಸ, ಅವ್ನು ಇನ್ನೊಂದ್ ಸಲ ನೋಡಿದ್ರೆ ಇಂಗಾಯ್ತಿರ್ಲಿಲ್ಲ ಅಂದ. ಒಳಗಿಂದ ಸರಿ ಮಾಡ್ತೀನಿ ಅಂದ್ರೂ ನೀನೇ ಬೇಡ ಅಂದಂತೆ. ಅವ್ದಾ?"

ಹೌದು ಎಂದೆ. ಎರಡೂ ಹೌದು. ಅವನು ಹೇಳಿದ್ದರಲ್ಲಿ ಒಂದು ಪದವೂ ಸುಳ್ಳಿರಲಿಲ್ಲ. ಬಿಟ್ಟದ್ದು ಒಂದೇ ವಾಕ್ಯ, ತಾನು ಬದಲಿಸಿ ನನಗೆ ಹೇಳಲಿಲ್ಲ ಎಂಬುದು. ವರದಿಗಾರಿಕೆಯಲ್ಲಿ ಇಂಥ ಸುದ್ದಿಗಳನ್ನು ನಾನು ಬಹಳ ನೋಡಿದ್ದೇನೆ. ಪುಸ್ತಕ ಬಿಚ್ಚಿ ಸಹಿಯ ಸಾಲು ತೋರಿಸಿ, ನಡೆದದ್ದನ್ನು ಮೊದಲಿನಿಂದ ಹೇಳಿದೆ. ಮದ್ದೂರು, ಬಸ್ಸು, ಹೂಂ, ತಿಳಿ ಬಣ್ಣ. ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡು ಕೇಳಿದಳು. ಆ ಸಾಲನ್ನು ಬೆರಳಿಟ್ಟು ಓದಿದಳು.

"ಅವ್ನು ನಿಂಗ್ ಮೋಸ ಮಾಡ್ದ, ಅದು ನಿಮ್ಮಿಬ್ರುದು" ಎಂದಳು. "ನಾನು ಅವ್ನನ್ನ ಕೇಳಿರ್ಲಿಲ್ಲ ಕಣ್ಲಾ. ಅವ್ನ್ ಅರ್ಜಿನೂ ನಂಬಿರ್ಲಿಲ್ಲ. ನಂಬಿದ್ರೆ ಫೋನ್ ಯಾಕ್ ಮಾಡ್ತಿದ್ದೆ? ನಿನ್ನ ಕೇಳ್ದೆ."

ಪುಸ್ತಕ ಮುಚ್ಚಿದೆ. ಅವಳು ಒಳಗೆ ಹೋಗಿ ಆ ಚೀಲವನ್ನು ತಂದಳು. ಪ್ಲಾಸ್ಟಿಕ್ ಕವರಿನಲ್ಲಿ ದೃಢೀಕರಣ ಪತ್ರ ಹಾಗೆಯೇ ಇತ್ತು. ಮಡಿಕೆ ಕೂಡ ಬಿದ್ದಿರಲಿಲ್ಲ.

"ನಾಳಿಂದ ಆ ಹುಡ್ಗಿ ಬತ್ತಾಳೆ. ಒಳ್ಳೆವ್ಳೇ. ಮಕ್ಳೆಲ್ಲ ಯಾರ್ ಯಾರು, ಯಾವ್ದು ಕಾರ ತಿನ್ನಲ್ಲ, ಯಾವ್ದು ನಿದ್ದೇಲಿ ಉಚ್ಚೆ ಉಯ್ತದೆ, ಎಲ್ಲಾ ನಾನೇ ಯೋಳ್ಕೊಡ್ಬೇಕಂತೆ. ಯೋಳ್ಕೊಡ್ತೀನಿ, ಇನ್ನೇನು." ಪತ್ರವನ್ನು ಕವರಿನಲ್ಲೇ ನನ್ನ ಪುಸ್ತಕದ ಮೇಲಿಟ್ಟಳು. "ಎಲ್ಲಾ ಬರೀತೀಯಲ್ಲ ಇದ್ರೊಳ್ಗೆ. ಅವತ್ತು ಫೋನಲ್ಲಿ ನಾನ್ ಕೇಳಿದ್ದು, ನೀನಂದಿದ್ದು ಬರ್ದಿದ್ದೀಯಾ?"

ಹುಡುಕಲು ಪುಟ ತಿರುಗಿಸಿದೆ. ಬರೆದಿಲ್ಲ ಎಂದು ನನಗೆ ಗೊತ್ತಿತ್ತು. ಆ ತಾರೀಕಿನ ಪುಟದಲ್ಲಿ ಬೇರಾವುದೋ ಅರ್ಜಿಯ ಎರಡು ಸಾಲು ಇದ್ದವು, ಅಷ್ಟೆ.

"ಬರಿ ಈಗ."

ಜಗಲಿಯ ಮೇಲೆ ಕೂತು ಬರೆದೆ. ಆ ಭಾನುವಾರದ ತಾರೀಕು ಹಾಕಿ, ಇದು ನಡೆದದ್ದು ಇಂಥ ದಿನ, ಈಗ ನೆನಪಿನಿಂದ ಬರೆದದ್ದು ಎಂದು ಮೊದಲು ಬರೆದೆ. ಆಮೇಲೆ ಅವಳು ಕೇಳಿದ್ದು, ಅದರ ಕೆಳಗೆ ನಾನು ಹೇಳಿದ್ದು. ಅವಳು ಪಕ್ಕದಲ್ಲಿ ನಿಂತಿದ್ದಳು. ಕಾಫಿ ತಣ್ಣಗಾಗಿತ್ತು.

"ಓದು" ಎಂದಳು.

ಓದಿದೆ. ಹಸಿರು ಬಂದಿದ್ದರೆ ಬೇಡ, ತಪ್ಪಿದ್ದರೆ ಕೆಂಪು ಬರುತ್ತದೆ, ಅದು ಬಿಡುವುದಿಲ್ಲ, ನಾನೇ ನೋಡಿದ್ದೇನೆ.

ಅವಳು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಪ್ರತಿ ಸಾಲಿನ ಕೊನೆಗೂ ಅವನ ಸಹಿ ಇರುತ್ತಿದ್ದ ಜಾಗವನ್ನು ನೋಡಿದಳು. ಸಹಿ ಹಾಕಲಿಲ್ಲ.

"ಮೇಲಿಂದ ಇನ್ನೊಂದ್ ಸಲ ಓದು" ಎಂದಳು.